ಮೂರನೆಯ ಕೂಗು

ಹೋದ ವರ್ಷ ಸಂಸೆಯಲ್ಲಿ ತಮ್ಮನ ಮೊಮ್ಮಗಳ ಮದುವೆ. ಕಳಸದಲ್ಲಿ ಬಸ್ಸು ಹತ್ತಿ ಎರಡು ಮೈಲಿ ಹೋಗಿರಲಿಲ್ಲ, ಮಂಜು ಕವಿದು ದಾರಿ ಕಾಣದೆ ಡ್ರೈವರು ಬಸ್ಸನ್ನು ಬದಿಗೆ ಹಾಕಿದ. ಕಿಟಕಿಯಿಂದ ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವ ಹುಳಿ ವಾಸನೆ ಒಳಗೆ ಬಂತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊರಗೆ ಯಾರೋ ಒಂದು ಸಲ ಕರೆದ ಹಾಗಾಯಿತು. ನಾನು "ಓ!" ಎಂದು ಎದ್ದು ನಿಂತೆ. ಇಡೀ ಬಸ್ಸು ತಿರುಗಿ ನೋಡಿತು.

"ಅತ್ತೆ, ಕೂತ್ಕೊಳ್ಳಿ. ಯಾರೂ ಕರೀಲಿಲ್ಲ," ಎಂದ ತಮ್ಮನ ಮಗ ಸುಧಾಕರ. ಆಮೇಲೆ ಪಕ್ಕದವರ ಕಡೆ ತಿರುಗಿ, "ನಮ್ಮತ್ತೆ ಹೀಗೇ. ಕರೆಯೋಕೆ ಮುಂಚೆನೇ ಓಗೊಡ್ತಾರೆ," ಎಂದು ನಕ್ಕ.

ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಮೂವತ್ತೆಂಟು ವರ್ಷ ಶಾಲೆಯಲ್ಲಿ ಟೀಚರಾಗಿದ್ದೆ, ಹಿಂದಿನ ಬೆಂಚಿನ ತರಲೆಗಳು ಮೆಲ್ಲಗೆ ನನ್ನ ಹೆಸರು ಹಿಡಿದು ಆಡಿಕೊಂಡರೂ ನಾನು "ಏನೋ?" ಎಂದು ತಿರುಗಿ ಅವರ ಆಟ ಕೆಡಿಸುತ್ತಿದ್ದೆ. ಕೇಳಿದವರಿಗೆಲ್ಲ ನನ್ನ ಕಿವಿ ಚುರುಕು ಎಂದು ಹೇಳಿ ತಪ್ಪಿಸಿಕೊಂಡಿದ್ದೇನೆ. ಕಿವಿಗೂ ಅದಕ್ಕೂ ಸಂಬಂಧವಿಲ್ಲ. ಅದು ನನಗೆ ಹದಿನಾಲ್ಕು ವರ್ಷವಾಗಿದ್ದಾಗ, ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮುಂಚೆ, ಒಂದು ಕಾಫಿ ಕೊಯ್ಲಿನಲ್ಲಿ ಅಂಟಿಕೊಂಡ ಅಭ್ಯಾಸ.

ನಮ್ಮ ಅಪ್ಪಯ್ಯ ಕಳಸದಿಂದಾಚೆ ಒಬ್ಬ ಇಂಗ್ಲಿಷ್ ದೊರೆಯ ತೋಟದಲ್ಲಿ ರೈಟರು. ಹಾಜರಿ ಬರೆಯುವುದು, ಕಾಗದಪತ್ರ ನೋಡುವುದು ಅವರ ಕೆಲಸ. ನಾನು ಮೂಡಿಗೆರೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ಮಿಡ್ಲ್ ಸ್ಕೂಲು ಮುಗಿಸಿ ಬಂದಿದ್ದೆ. ಮುಂದಕ್ಕೆ ಓದಬೇಕೆಂದರೆ ಚಿಕ್ಕಮಗಳೂರಿನ ಬೋರ್ಡಿಂಗ್ ಶಾಲೆಯೇ ಗತಿ. ಅಲ್ಲಿ ಸೇರಿಸಿಕೊಳ್ಳಬೇಕಾದರೆ ದೊಡ್ಡವರ ಪತ್ರ ಬೇಕು. ಆ ಪತ್ರ ಬರೆಯಬಲ್ಲವರು ಬಂಗಲೆಯ ದೊರೆಸಾನಿಯವರೊಬ್ಬರೇ. ದೊರೆಯ ತಾಯಿ, ಎಪ್ಪತ್ತು ದಾಟಿದ ಹೆಂಗಸು, ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಎರಡು ಗಂಟೆ ಅವರಿಗೆ ಇಂಗ್ಲಿಷ್ ಕಾದಂಬರಿ ಓದಿ ಹೇಳುವ ಕೆಲಸ ನನಗೆ ಗಂಟುಬಿತ್ತು. ಕೊಯ್ಲು ಮುಗಿಯುವ ಹೊತ್ತಿಗೆ ಪುಸ್ತಕ ಮುಗಿಸಿದರೆ ಪತ್ರ ಕೊಡುತ್ತೇನೆ ಎಂದಿದ್ದರು.

ಪುಸ್ತಕವೋ, ಅವರ ಹಳೇ ರಾಣಿಯ ಕಾಲದ್ದು, ತಲೆದಿಂಬಿನಷ್ಟು ದಪ್ಪ. ಅದರಲ್ಲಿ ಒಬ್ಬಳು ತಾಯಿಯಿಲ್ಲದ ಹುಡುಗಿ. ದೊಡ್ಡಮನೆಯಲ್ಲಿ ಬೆಳೆಯುತ್ತಾಳೆ. ಹೊಟ್ಟೆಕಿಚ್ಚಿಗೆ ಒಂದು ಪತ್ರವನ್ನು ಬಚ್ಚಿಡುತ್ತಾಳೆ, ಅದರಿಂದ ಮನೆಯ ಆಳಿನವಳೊಬ್ಬಳು ಕಳ್ಳಿ ಅನ್ನಿಸಿಕೊಂಡು ಬೀದಿಗೆ ಬೀಳುತ್ತಾಳೆ. ಅಲ್ಲಿಂದ ಮುಂದೆ ಕಥೆ ಮುಂದೆಯೇ ಹೋಗುವುದಿಲ್ಲ! ಹುಡುಗಿ ಕಿಟಕಿಯ ಹತ್ತಿರ ನಿಲ್ಲುತ್ತಾಳೆ, ಯೋಚಿಸುತ್ತಾಳೆ. ತೋಟದಲ್ಲಿ ತಿರುಗುತ್ತಾಳೆ, ಯೋಚಿಸುತ್ತಾಳೆ. ಒಂದು ನಿಜ ಹೇಳೋದಕ್ಕೆ ಎಷ್ಟು ಪುಟ ಬೇಕು ಮಾರಾಯ್ತಿ ನಿನಗೆ ಎಂದು ನನಗೆ ರೇಗಿ ಹೋಗುತ್ತಿತ್ತು. ಅವಳು ಯೋಚಿಸಲು ಶುರುಮಾಡಿದ ತಕ್ಷಣ ನಾನು ಸದ್ದಾಗದಂತೆ ಎರಡು ಹಾಳೆ ಒಟ್ಟಿಗೆ ಮಗುಚಿಬಿಡುತ್ತಿದ್ದೆ. ದೊರೆಸಾನಿ ಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿ, ಏನೂ ಹೇಳುತ್ತಿರಲಿಲ್ಲ. ಕುರುಡಿಗೆ ಮೋಸ ಮಾಡುತ್ತಿದ್ದೇನೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಅವರ ಮೊಮ್ಮಗಳು ಇಂಗ್ಲೆಂಡಿಗೆ ವಾಪಸು ಹೋಗುವಾಗ ಬಿಟ್ಟುಹೋದ ಕಪ್ಪು ಬೂಟುಗಳನ್ನು ನನಗೆ ಕೊಟ್ಟಿದ್ದರು. ಬಕ್ಕಲ್ಲಿನವು. ಒಂದು ಅಳತೆ ದೊಡ್ಡವು. ತುದಿಗೆ ಬಟ್ಟೆ ತುರುಕಿ ಹಾಕಿಕೊಳ್ಳುತ್ತಿದ್ದೆ. ಇಡೀ ತೋಟದಲ್ಲಿ ಬೂಟು ಹಾಕುವ ಹೆಣ್ಣುಮಗಳೆಂದರೆ ನಾನೊಬ್ಬಳೇ. "ಅದೇನೇ ಅದು, ಲಾಳ ಹೊಡೆಸ್ಕೊಂಡ ಕುದುರೆ ಹಾಗೆ ಟಕ ಟಕ ಅಂತ," ಎಂದು ಅಜ್ಜಿ ಮೂತಿ ತಿರುವುತ್ತಿದ್ದರು. ನನಗೆ ಮಾತ್ರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆ ಬೂಟುಗಳ ಮೇಲೆ ಕಣ್ಣಿಟ್ಟಿದ್ದವಳು ಸೇಸಿ. ಘಟ್ಟದ ಕೆಳಗಿನವಳು, ನಮ್ಮ ತೋಟದ ಆಳು ಬೈರನನ್ನು ಮದುವೆಯಾಗಿ ಮೂರು ವರ್ಷದ ಹಿಂದೆ ಮೇಲೆ ಬಂದವಳು. ಇಪ್ಪತ್ತರ ಆಸುಪಾಸು, ನಗು ಜಾಸ್ತಿ, ಬೆರಳು ಚುರುಕು. ನಾನು ಬಂಗಲೆಗೆ ಹೋಗುವ ದಾರಿಯಲ್ಲಿ ಬುಟ್ಟಿ ಇಳಿಸಿ, ಸೆರಗಿನಿಂದ ಬೂಟಿನ ಮೇಲಿನ ಕೆಸರು ಒರೆಸುತ್ತಿದ್ದಳು. ಒಂದು ಸಲ, "ಪದ್ದಕ್ಕಾ, ಒಂದೇ ಒಂದು ಸಲ ನಾನು ಹಾಕಿ ನೋಡ್ಲಾ?" ಎಂದು ಕೇಳಿದಳು.

"ಬೇಡ. ನಿನ್ನ ಪಾದ ಅಗಲ, ಹರಿದುಹೋಗುತ್ತೆ," ಎಂದೆ.

"ಹೌದೌದು, ನನ್ನದು ಬಾತುಕೋಳಿ ಪಾದ," ಎಂದು ಅವಳೇ ನಕ್ಕು ಬುಟ್ಟಿ ಎತ್ತಿಕೊಂಡಳು.

ಆ ವರ್ಷ ದೀಪಾವಳಿ ಕಳೆದರೂ ಮಳೆ ಬಿಡಲಿಲ್ಲ. ಬಿಟ್ಟಮೇಲೆ ಮಂಜು ಹಿಡಿಯಿತು. ಕೊಯ್ಲಿನ ದಿನಗಳಲ್ಲಿ ಬೆಳಗಿನ ಮಂಜು ಹೊಸದಲ್ಲ, ಎಂಟು ಗಂಟೆಗೆಲ್ಲ ಕರಗುತ್ತದೆ. ಆ ಸಲ ಮಾತ್ರ ಮಧ್ಯಾಹ್ನವಾದರೂ ಮರಗಳಡಿಯಿಂದ ಏಳುತ್ತಿರಲಿಲ್ಲ. ಹೆಂಗಸರು ಸಾಲು ಹಿಡಿದು ಹಣ್ಣು ಕೊಯ್ಯುತ್ತಿದ್ದರೂ ಪಕ್ಕದ ಗಿಡದವಳು ಕಾಣುತ್ತಿರಲಿಲ್ಲ. ಹಣ್ಣು ಬುಟ್ಟಿಗೆ ಬೀಳುವ ಪಟಪಟ ಸದ್ದು ಮಾತ್ರ. ಆ ಸದ್ದು ಒಂದು ಕಡೆ ನಿಂತರೆ ಎಲ್ಲರೂ ಕೈ ತಡೆದು ಕಿವಿಗೊಡುತ್ತಿದ್ದರು.

ಆಗ ನಮ್ಮ ಕಡೆ ಒಂದು ಕಟ್ಟುಪಾಡಿತ್ತು. ಕಾಡಿನಲ್ಲಿ, ತೋಟದಲ್ಲಿ, ಮಂಜು ಕವಿದಾಗ ಯಾರನ್ನಾದರೂ ಕರೆಯಬೇಕಾದರೆ ಬಿಟ್ಟು ಬಿಟ್ಟು ಮೂರು ಸಲ ಕರೆಯಬೇಕು. ಕರೆಸಿಕೊಂಡವರು ಮೂರನೆಯ ಕೂಗಿಗೆ ಮಾತ್ರ ಓಗೊಡಬೇಕು. ಯಾಕೆಂದರೆ 'ಅದಕ್ಕೆ' ಎರಡು ಸಲಕ್ಕಿಂತ ಹೆಚ್ಚು ಕರೆಯಲು ಬರುವುದಿಲ್ಲ. ಅದರ ಹೆಸರು ಯಾರೂ ಎತ್ತುತ್ತಿರಲಿಲ್ಲ, ಬರೀ 'ಅದು'. ಅದು ಬೇಕಾದವರ ಧ್ವನಿಯಲ್ಲಿ ಹೆಸರು ಹಿಡಿದೇ ಕರೆಯುತ್ತದೆ. ಒಂದನೆಯದಕ್ಕೋ ಎರಡನೆಯದಕ್ಕೋ ಓಗೊಟ್ಟರೆ ಮುಗಿಯಿತು, ಓಗೊಟ್ಟವರು ಸದ್ದು ಬಂದ ಕಡೆಗೆ ನಡೆದುಹೋಗುತ್ತಾರೆ, ಹಿಂದಕ್ಕೆ ಬರುವುದಿಲ್ಲ. ಹೀಗಾಗಿ ಇಡೀ ದಿನ ತೋಟದ ತುಂಬ ಮೂರು ಮೂರು ಸಲ ಹೆಸರುಗಳು, ಆಮೇಲೆ ಒಂದು "ಓ". ದೊರೆಸಾನಿ ಬಂಗಲೆಯಲ್ಲಿ ಕೂತು, "ನಿಮ್ಮ ಜನ ಎಲ್ಲಾ ಕಿವುಡು," ಎನ್ನುತ್ತಿದ್ದರು.

ಅದು ಕರೆದದ್ದು ಕೇಳಿಸಿತು ಎಂದು ಬಾಯಿಬಿಟ್ಟರೂ ಕಷ್ಟವೇ. ಅಂಥವರನ್ನು ಕೈಗೆ ದಾರ ಕಟ್ಟಿ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಬುಧವಾರ ಓದು ಮುಗಿಸಿ ಹೊರಟಾಗ ಹನ್ನೊಂದು ಗಂಟೆ ಇರಬಹುದು. ಬಂಗಲೆಯಿಂದ ನಮ್ಮ ಮನೆಗೆ ಬರುವ ಕಾಲುದಾರಿ ಒಂದು ಕಡೆ ದರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಅಂಚಿನಲ್ಲೇ ಹೋಗುತ್ತದೆ. ಅದರ ಕೆಳಗೆ ಹಳೇ ಪಲ್ಪರ್ ಮನೆ. ಹಿಂದೊಂದು ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆಯುತ್ತಿದ್ದ ಕಲ್ಲಿನ ತೊಟ್ಟಿಗಳು. ಈಗ ಲಂಟಾನ ಬೆಳೆದು ಯಾರೂ ಅತ್ತ ಹೋಗುತ್ತಿರಲಿಲ್ಲ. ಆ ದಿನದ ಮಂಜು ಎಂಥದ್ದೆಂದರೆ ಮುಂದೆ ಚಾಚಿದ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಟಕ ಟಕ ಎಂದು ನನ್ನ ಬೂಟಿನ ಸದ್ದನ್ನೇ ಜೊತೆಗಿಟ್ಟುಕೊಂಡು ಬರುತ್ತಿದ್ದೆ.

"ಪದ್ದಕ್ಕಾ."

ದರೆಯ ಕೆಳಗಿನಿಂದ. ಕೂಗಿದಂತಲ್ಲ, ಉಸಿರು ಬಿಟ್ಟಂತೆ. ನಿಂತೆ.

"ಪದ್ದಕ್ಕಾ."

ಎರಡು. ನಾನು ಬಾಯಿ ಬಿಗಿಹಿಡಿದು ಮೂರನೆಯದಕ್ಕೆ ಕಾದೆ. ಎಷ್ಟು ಹೊತ್ತು ಕಾದೆನೋ. ಎಲೆಗಳಿಂದ ನೀರು ತೊಟ್ಟಿಕ್ಕುವುದು ಬಿಟ್ಟರೆ ಏನೂ ಇಲ್ಲ. ಮೂರನೆಯದು ಬರಲೇ ಇಲ್ಲ. ಆಗ ನನ್ನ ತಲೆಗೆ ಒಂದು ವಿಚಾರ ಹೊಳೆಯಿತು: ನನ್ನ ಕೈ ನನಗೇ ಕಾಣದ ಈ ಮಂಜಿನಲ್ಲಿ, ಇಲ್ಲಿ ಬಂದವಳು ಪದ್ಮಾವತಿಯೇ ಎಂದು ಮನುಷ್ಯರಿಗೆ ಹೇಗೆ ಗೊತ್ತಾಗಬೇಕು? ಅಷ್ಟೇ. ಆಮೇಲೆ ಓಡಿದ್ದೊಂದು ನೆನಪಿದೆ.

ಸಂಜೆ ಅಪ್ಪಯ್ಯ ಕಾಫಿ ಕುಡಿಯುತ್ತ ಹೇಳಿದರು. "ಬೈರನ ಹೆಂಡ್ತಿ ಹಾಜರಿಗೆ ಬರ್ಲಿಲ್ಲ. ಗಂಡ ಹೆಂಡ್ತಿ ನಿನ್ನೆ ಜಗಳ ಆಡಿದ್ರಂತೆ. ತವರಿಗೆ ಹೋಗಿರ್ಬೇಕು ಅಂತಾನೆ."

"ಹುಡುಕ್ಲಿಲ್ವಾ?" ಎಂದು ಅಮ್ಮ ಕೇಳಿದರು.

"ಹುಡುಕೋಣ ಅಂದೆ. 'ಘಟ್ಟ ಇಳಿದಿರ್ತಾಳೆ, ಕೋಪ ತಣ್ಣಗಾದ್ಮೇಲೆ ತಾನಾಗಿ ಬರ್ತಾಳೆ ರೈಟ್ರೇ, ಬಿಡಿ' ಅಂದ."

ಬೆಳಿಗ್ಗೆ ಕೇಳಿದ್ದು ಸೇಸಿಯ ಧ್ವನಿಯ ಹಾಗೇ ಇತ್ತು. ಎದ್ದು ಹೋಗಿ ಅಜ್ಜಿಯ ಪಕ್ಕ ಕೂತು, "ಅಜ್ಜಿ, ಅದು ನಮಗೆ ಗೊತ್ತಿರೋರ ಧ್ವನೀಲೂ ಕರೀತದಾ?" ಎಂದೆ.

ಅಜ್ಜಿ ಬತ್ತಿ ಹೊಸೆಯುವುದು ನಿಲ್ಲಿಸಿದರು. "ಯಾರ ಧ್ವನೀಲಿ ಬೇಕಾದ್ರೂ ಕರೀತದೆ. ಯಾಕೇ, ನಿಂಗೇನಾದ್ರೂ ಕೇಳ್ತಾ?"

ದಾರ, ನಲವತ್ತೆಂಟು ದಿನ, ಮುಗಿಯದ ಪುಸ್ತಕ, ಬರೆಯದ ಪತ್ರ, ಚಿಕ್ಕಮಗಳೂರು, ಎಲ್ಲ ಒಂದೇ ಉಸಿರಿನಲ್ಲಿ ಕಣ್ಣೆದುರು ಬಂದವು.

"ಇಲ್ಲ," ಎಂದೆ.

ಮಾರನೆಯ ದಿನ ಬಂಗಲೆಗೆ ಸುತ್ತುದಾರಿ ಹಿಡಿದು ಹೋದೆ. ಪುಸ್ತಕ ಬಿಡಿಸಿದರೆ ಮತ್ತೆ ಅದೇ ಹುಡುಗಿ, ಅದೇ ಕಿಟಕಿ. ದೊರೆಸಾನಿ ತಮ್ಮ ಕನ್ನಡದಲ್ಲಿ, "ಈ ಅಧ್ಯಾಯ ಬೇಕಾದರೆ ಬಿಡು. ಏನೂ ನಡೆಯೋದಿಲ್ಲ. ಬರೀ ಯೋಚನೆ," ಎಂದರು. ಅವರಾಗಿ ಬಿಡು ಎಂದ ಅಧ್ಯಾಯವನ್ನು ನಾನು ಆ ದಿನ ಒಂದು ಸಾಲೂ ಬಿಡದೆ ಓದತೊಡಗಿದೆ. ಆ ಹುಡುಗಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು: ಆಳಿನವಳಿಗೆ ಬೇರೆ ಕಡೆ ಕೆಲಸ ಸಿಕ್ಕಿರುತ್ತದೆ, ಸುಖವಾಗಿರುತ್ತಾಳೆ, ನಾನು ಹೇಳಿದರೆ ಈಗ ಯಾರಿಗೆ ಲಾಭ. ಘಟ್ಟ ಇಳಿದಿರ್ತಾಳೆ, ತಾನಾಗಿ ಬರ್ತಾಳೆ. ಓದುತ್ತ ಓದುತ್ತ ಪುಸ್ತಕ ಮುಚ್ಚಿಬಿಟ್ಟೆ.

"ಯಾಕೆ ನಿಲ್ಲಿಸಿದೆ?"

"ಇವತ್ತು ಇಷ್ಟು ಸಾಕು ದೊರೆಸಾನಿಯವರೇ," ಎಂದು ಎದ್ದೆ. ಜೀವಮಾನದಲ್ಲಿ ಅವರಿಗೆ ಹಾಗೆ ಎದುರು ಹೇಳಿದ್ದು ಅದೇ ಮೊದಲು.

ಕಾಲುದಾರಿಯಲ್ಲೇ ಬಂದೆ. ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದೆ, ನಾನು ಬರುವುದು ಅದಕ್ಕೆ ಗೊತ್ತಾಗದಿರಲಿ ಎಂದು. ಮಂಜು ನಿನ್ನೆಯಷ್ಟೇ ಇತ್ತು. ದರೆಯ ಅಂಚಿಗೆ ಬಂದು ನಿಂತೆ. ಬೇಡಪ್ಪಾ ಬೇಡ, ಮನೆಗೆ ಹೋಗಿ ಅಪ್ಪಯ್ಯನಿಗೆ ಹೇಳೋಣ ಎನ್ನಿಸಿತು. ಆದರೆ ಮನೆಯವರೆಗೆ ಹೋದರೆ ಮತ್ತೆ 'ಇಲ್ಲ' ಎನ್ನುವವಳೇ ನಾನು ಎಂದು ನನಗೆ ಅಷ್ಟರಲ್ಲಿ ತಿಳಿದಿತ್ತು.

"ಸೇಸೀ," ಎಂದೆ.

ಏನೂ ಇಲ್ಲ.

"ಸೇಸೀ."

ಏನೂ ಇಲ್ಲ. ಇನ್ನೊಂದು ಸಲ ಕರೆಯಲು ಬಾಯಿ ತೆರೆದರೆ ಧ್ವನಿಯೇ ಹೊರಡುತ್ತಿಲ್ಲ. ಮೂರನೆಯ ಕೂಗಿಗೆ ಯಾರೂ ಓಗೊಡದಿದ್ದರೆ ಸೇಸಿ ಘಟ್ಟದ ಕೆಳಗಿದ್ದಾಳೆ, ನಿನ್ನೆ ಕರೆದದ್ದು ಅದೇ. ಓಗೊಟ್ಟರೆ ನಿನ್ನೆ ಕರೆದದ್ದು ಮನುಷ್ಯಳು. ನಿಜ ಹೇಳುತ್ತೇನೆ, ಯಾರೂ ಓಗೊಡದಿರಲಿ ದೇವರೇ ಎಂದು ಬೇಡಿಕೊಂಡೇ ನಾನು ಮೂರನೆಯ ಸಲ ಕರೆದದ್ದು.

"ಸೇಸೀ!"

"ಓ."

ನನ್ನ ಕಾಲ ಬುಡದಿಂದಲೇ ಬಂತು.

ಆಮೇಲಿನದ್ದು ಬೇಗ ಬೇಗ ಆಯಿತು. ನಾನು ಬೊಬ್ಬೆ ಹೊಡೆದೆ. ಮೇಸ್ತ್ರಿ ಮೊಯ್ದು ಬ್ಯಾರಿಗಳು ಆಳುಗಳನ್ನು ಕರೆದುಕೊಂಡು ಓಡಿ ಬಂದರು. ಲಂಟಾನ ಕಡಿದು ನೋಡಿದರೆ ಒಡೆದ ತೊಟ್ಟಿಯೊಳಗೆ ಸೇಸಿ, ಕುಸಿದ ಕಲ್ಲಿನಡಿಯಲ್ಲಿ ಬಲಗಾಲು. ಜಗಳದ ಬೇಜಾರಿಗೆ ಒಬ್ಬಳೇ ಕೂತು ಅಳೋಣ ಎಂದು ಅತ್ತ ಹೋದವಳು ಜಾರಿ ಬಿದ್ದಿದ್ದಳು. ಒಂದು ಹಗಲು, ಒಂದು ರಾತ್ರಿ, ಮತ್ತೆ ಅರ್ಧ ಹಗಲು. ಬಿದಿರಿಗೆ ಕಂಬಳಿ ಕಟ್ಟಿ ಎತ್ತಿಕೊಂಡು ಹೋಗುವಾಗ ಬೈರ ಎದೆ ಎದೆ ಬಡಿದುಕೊಂಡು ಅತ್ತ. ದೊರೆಯ ಕಾರಿನಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಗೆ ಸಾಗಿಸಿದರು.

"ರೈಟ್ರೇ, ನಿಮ್ಮ ಮಗಳು ಇಲ್ದಿದ್ರೆ ನಾಳೆ ನಾವು ಅವ್ಳ ಮಯ್ಯತ್ತು ಎತ್ಬೇಕಿತ್ತು," ಎಂದು ಮೊಯ್ದು ಬ್ಯಾರಿಗಳು ನನ್ನ ತಲೆ ಮೇಲೆ ಕೈಯಿಟ್ಟರು. "ನಿಮ್ಗೆ ಹೇಗೆ ಗೊತ್ತಾಯ್ತು ಮಗಳೇ, ಅವ್ಳು ಅಲ್ಲಿದ್ದಾಳೆ ಅಂತ?"

"ಸುಮ್ನೆ ಹೋಗ್ತಾ ಇದ್ದೆ. ನರಳೋದು ಕೇಳಿಸ್ತು," ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು!

ಅಲ್ಲಿಂದ ನಾನು ತೋಟದ ದೇವತೆಯಾದೆ. ಹೆಂಗಸರು ದಾರಿಯಲ್ಲಿ ದೃಷ್ಟಿ ತೆಗೆದು ನೆಟಿಕೆ ಮುರಿದರು. ಬೈರ ಬಾಳೆಗೊನೆ ತಂದು ಜಗಲಿಯಲ್ಲಿಟ್ಟು ಕೈಮುಗಿದ. ದೊರೆಸಾನಿ ಪುಸ್ತಕ ಮುಗಿಯುವವರೆಗೂ ಕಾಯದೆ ಪತ್ರ ಹೇಳಿ ಬರೆಸಿದರು. ಹೇಳುವವರು ಅವರು, ಬರೆಯುವವಳು ನಾನು. 'ಈ ಹುಡುಗಿ ಧೈರ್ಯವಂತೆ, ಒಂದು ಜೀವ ಉಳಿಸಿದವಳು' ಎಂದು ನನ್ನ ಕೈಯಾರೆ ನಾನೇ ಬರೆದೆ. ಬೇಸಿಗೆಯಲ್ಲಿ ಕಳಿಸಿದರಾಯಿತು ಎಂದು ಪತ್ರ ಅವರ ಮೇಜಿನ ಮೇಲೆ ಸಹಿಗಾಗಿ ಕಾದುಕೊಂಡು ಕೂತಿತು.

ಹದಿನೈದು ದಿನದ ನಂತರ ಆಸ್ಪತ್ರೆಗೆ ಹೋಗಿ ಬಂದ ಅಪ್ಪಯ್ಯ ಬಾಗಿಲಲ್ಲೇ ಕೂತುಬಿಟ್ಟರು. "ಕಾಲು ತೆಗೆದ್ರು, ಮೊಣಕಾಲಿನಿಂದ ಕೆಳಗೆ. ಕೊಳೆತುಹೋಗಿತ್ತಂತೆ. ಬಿದ್ದ ದಿನವೇ ತಂದಿದ್ರೆ ಉಳೀತಿತ್ತು ಅಂದ್ರು ಡಾಕ್ಟ್ರು."

ಬಿದ್ದ ದಿನವೇ. ನಾನು ಒಳಗೆ ಹೋಗಿ ಬೂಟುಗಳನ್ನು ಚೀಲಕ್ಕೆ ಹಾಕಿ ಅಟ್ಟಕ್ಕೆ ಎಸೆದೆ.

ಅವತ್ತಿನಿಂದ ಶುರುವಾಯಿತು. ಮಂಜಿನಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದರೆ ನನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಟಕ ಟಕ. ನಿಂತರೆ ನಿಲ್ಲುತ್ತದೆ, ನಡೆದರೆ ನಡೆಯುತ್ತದೆ. ತಿರುಗಿ ನೋಡಿದರೆ ಬಿಳಿ ಮಂಜು. ಅಟ್ಟ ಹತ್ತಿ ನೋಡಿದೆ, ಚೀಲ ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಆದರೆ ಬೂಟಿನ ಅಡಿಯಲ್ಲಿ ಹಸಿ ಮಣ್ಣು ಇದ್ದ ಹಾಗೆ ಕಂಡಿತು. ನಾನು ಎಸೆಯುವಾಗಲೇ ಇದ್ದಿರಬಹುದು. ಒರೆಸಿ ಇಟ್ಟಿದ್ದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಊಟ ಸೇರದೆ ಕೃಶವಾದೆ. "ಜೀವ ಉಳಿಸಿದ ಮಗೂಗೆ ಯಾರ ಕಣ್ಣು ಬಿತ್ತೋ," ಎಂದು ಅಜ್ಜಿ ನೀವಾಳಿಸಿದರು.

ಈ ನಡುವೆ ಪುಸ್ತಕವೂ ಮುಗಿಯಿತು. ಆ ಹುಡುಗಿ ಕೊನೆಗೂ ನಿಜ ಹೇಳಿದಳು. ಹೇಳಿದ ಇಪ್ಪತ್ತು ಪುಟದೊಳಗೆ ಅವಳಿಗೆ ಆಸ್ತಿಯೂ ಬಂತು, ಗಂಡನೂ ಸಿಕ್ಕಿದ. ಆಳಿನವಳಂತೂ ಆನಂದಬಾಷ್ಪ ಸುರಿಸಿ ಅವಳನ್ನು ತಬ್ಬಿಕೊಂಡಳು. ನನಗೆ ಪುಸ್ತಕ ಎತ್ತಿ ಒಲೆಗೆ ಹಾಕುವಷ್ಟು ಸಿಟ್ಟು ಬಂತು. ಅವಳಿಗೇನು, ಆಳಿನವಳಿಗೆ ಎರಡೂ ಕಾಲಿದ್ದವು.

ಸೇಸಿ ವಾಪಸು ಬಂದಾಗ ಹೂಮಳೆಯಾಗಿ ತೋಟವೆಲ್ಲ ಬೆಳ್ಳಗೆ ಹೂಬಿಟ್ಟಿತ್ತು. ಘಮ ಎಷ್ಟೆಂದರೆ ತಲೆನೋವು ಬರಬೇಕು. ಅವಳನ್ನು ಕಣದಲ್ಲಿ ಗೋಣಿ ಹಾಸಿ ಕೂರಿಸಿ, ಬೀಜ ಆರಿಸುವ ಕೆಲಸ ಕೊಟ್ಟಿದ್ದರು. ಮೂರು ದಿನ ನಾನು ಅತ್ತ ಸುಳಿಯಲಿಲ್ಲ. ನಾಲ್ಕನೆಯ ದಿನ ಅವಳೇ ಹೇಳಿ ಕಳಿಸಿದಳು.

ಹೋಗಿ ಎದುರು ಕೂತೆ. ಏನು ಮಾತಾಡಬೇಕೋ ತಿಳಿಯದೆ, "ನೋವಿದ್ಯಾ?" ಎಂದೆ.

"ಇಲ್ಲದ ಕಾಲೇ ನೋಯ್ತದೆ ಪದ್ದಕ್ಕಾ, ನೋಡಿ ವಿಚಿತ್ರ. ಹೆಬ್ಬೆರಳು ತುರಿಸ್ತದೆ. ಕೆರೆದ್ಕೊಳ್ಳೋಣ ಅಂದ್ರೆ ಹೆಬ್ಬೆರಳು ಎಲ್ಲಿದೆ?" ಎಂದು ನಕ್ಕಳು. ಆಮೇಲೆ ಅತ್ತಿತ್ತ ನೋಡಿ ಧ್ವನಿ ತಗ್ಗಿಸಿದಳು. "ನಿಮ್ಗೆ ಒಂದು ಮಾತು ಹೇಳ್ಬೇಕು. ಬೈರನಿಗೂ ಹೇಳಿಲ್ಲ. ನಾನು ಬಿದ್ದ ದಿನ ಅಲ್ಲಿಗೆ ಅದು ಬಂದಿತ್ತು."

ನಾನು ಅವಳ ಹತ್ತಿರಕ್ಕೆ ಸರಿದೆ.

"ಮಂಜು ನೆಲದಿಂದ ಒಂದು ಮೊಳ ಎತ್ತರದಲ್ಲಿ ನಿಂತಿತ್ತು. ಕೆಳಗೆ ಮಲಗಿದ್ದ ನಂಗೆ ಪೊದೆ ಸಂದಿಯಿಂದ ದಾರಿಯ ಅಂಚು ಕಾಣ್ತಿತ್ತು. ಟಕ ಟಕ ಅಂತ ಬಂತು. ನೋಡಿದ್ರೆ ನಿಮ್ಮ ಬೂಟು. ಬೂಟು ಮಾತ್ರ, ಮೇಲೆ ಮೈ ಇಲ್ಲ. ಅಯ್ಯೋ ಪದ್ದಕ್ಕ ಬಂದ್ರು, ಬದುಕಿದೆ ಅಂದ್ಕೊಂಡು ಕರೆದೆ. ಬೂಟು ನಿಂತಿತು. ಓಗೊಡ್ಲಿಲ್ಲ. ಇನ್ನೊಂದು ಸಲ ಕರೆದೆ. ನಿಂತೇ ಇದೆ. ಹೋಗೋದೂ ಇಲ್ಲ, ಬರೋದೂ ಇಲ್ಲ, ಉಸಿರೂ ಇಲ್ಲ. ಆಗ ನಂಗೆ ಗೊತ್ತಾಯ್ತು ಪದ್ದಕ್ಕಾ. ಮನುಷ್ಯರಾಗಿದ್ರೆ ಹಾಗೆ ನಿಂತ್ಕೊಳ್ಳೋದಿಲ್ಲ. ಅದು ನಿಮ್ಮ ಬೂಟು ಹಾಕ್ಕೊಂಡು ಬಂದಿದೆ, ಮೂರನೇ ಸಲ ಕರೆದ್ರೆ ಕೆಳಗೆ ಇಳಿದು ಬರ್ತದೆ ಅಂತ ಬಾಯಿಗೆ ಸೆರಗು ತುರುಕ್ಕೊಂಡೆ." ಅವಳು ಕೈಯಲ್ಲಿದ್ದ ಬೀಜಗಳನ್ನು ನೋಡುತ್ತಿದ್ದಳು. "ಸಾಯಂಕಾಲ ಮೇಸ್ತ್ರಿಗಳು ಅದೇ ದಾರೀಲಿ ಹೋದ್ರು. ಅವ್ರ ಕೆಮ್ಮು ಕೇಳ್ತು. ಆವಾಗ್ಲೂ ಕರೀಲಿಲ್ಲ. ಅದೇ ಮತ್ತೆ ಬಂದಿದೆ ಅನ್ನೋ ಹೆದರಿಕೆ."

ಒಂದು ಕಪ್ಪು ಬೀಜ ಆರಿಸಿ ಪಕ್ಕಕ್ಕೆ ಹಾಕಿದಳು.

"ನೀವು ನಿಜವಾಗ್ಲೂ ಬಂದಾಗ ಮೂರು ಸಲ ಕರೆದ್ರಲ್ಲ, ಅದಕ್ಕೇ ಧೈರ್ಯ ಬಂತು. ನಾನು ಅವತ್ತೇ ಅಂದ್ಕೊಂಡೆ, ಮೊದಲ್ನೇ ದಿನ ನೀವೇ ಆಗಿದ್ರೆ ಹಾಗೆ ಬಿಟ್ಟು ಹೋಗ್ತಿರ್ಲಿಲ್ಲ ಅಂತ."

ಯಾರೂ ನನ್ನನ್ನು ಕೇಳಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ, ಇನ್ನು ಗೊತ್ತಾಗುವಂತೆಯೂ ಇರಲಿಲ್ಲ. ನನ್ನ ತಪ್ಪನ್ನು ಹೊರಲು 'ಅದು' ತಾನಾಗಿ ಹೆಗಲು ಕೊಟ್ಟು ನಿಂತಿತ್ತು. ನಾನು ತಲೆಯಾಡಿಸಿ ಎದ್ದು ಬಂದಿದ್ದರೆ ಸಾಕಿತ್ತು. ಎದ್ದೆ ಕೂಡ. ಎದ್ದು ನಿಂತಾಗ ಸೇಸಿಯ ಕಣ್ಣು ನನ್ನ ಬರಿಗಾಲುಗಳ ಮೇಲೆ ಬಿತ್ತು.

"ಬೂಟು ಯಾಕೆ ಹಾಕ್ಲಿಲ್ಲ? ಚೆಂದ ಕಾಣ್ತಿತ್ತು," ಎಂದಳು.

"ಸೇಸಿ, ಅದು ನಾನೇ."

"ಯಾವುದು?"

"ಮೊದಲ್ನೇ ದಿನ ನಿಂತಿದ್ದು. ನಾನೇ. ನೀನು ಕರೆದದ್ದು ಕೇಳಿಸ್ತು. ಎರಡು ಸಲ. ಮೂರನೇದಕ್ಕೆ ಕಾದೆ. ಅದು ಅಂತ ಹೆದರಿ ಓಡಿಹೋದೆ. ಸಂಜೆ ನೀನು ಕಾಣೆ ಅಂತ ಗೊತ್ತಾದ್ಮೇಲೂ ಯಾರಿಗೂ ಹೇಳ್ಲಿಲ್ಲ."

ಸೇಸಿಯ ಬೆರಳು ನಿಂತಿತು. ಅವಳು ಅಳಲಿಲ್ಲ, ಬೈಯಲಿಲ್ಲ. ಎಷ್ಟೋ ಹೊತ್ತು ನನ್ನ ಪಾದಗಳನ್ನೇ ನೋಡಿದಳು. ಹೂವಿನ ವಾಸನೆಗೆ ನನಗೆ ತಲೆ ಸುತ್ತುತ್ತಿತ್ತು.

"ಹಾಗಾದ್ರೆ ಅವತ್ತು ಅಲ್ಲಿ ಅದು ಇರ್ಲೇ ಇಲ್ವಾ?"

"ಇರ್ಲಿಲ್ಲ."

"ನಾವಿಬ್ರೇ."

"ನಾವಿಬ್ರೇ."

ಅವಳು ಬೀಜ ಆರಿಸಲು ತಿರುಗಿದಳು. ನಾನು ಹೊರಡುವವರೆಗೂ ಮತ್ತೆ ತಲೆ ಎತ್ತಲಿಲ್ಲ.

ಆ ಸಂಜೆಯೇ ಅಪ್ಪಯ್ಯನಿಗೆ ಹೇಳಿದೆ. ಅವರು ಹೊಡೆದಿದ್ದರೆ ಹಗುರವಾಗುತ್ತಿತ್ತು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಅಷ್ಟೇ. ಮಾರನೆಯ ದಿನ ದೊರೆಸಾನಿಗೂ ಹೇಳಿದೆ. ಹೇಳುವುದು ಹೇಗೂ ಹೇಳಿಯಾಗಿದೆ, ಇದೂ ಇರಲಿ ಎಂದು ಪುಟ ಹಾರಿಸಿದ್ದನ್ನೂ ಸೇರಿಸಿದೆ.

"ಪುಟದ ವಿಷಯ ಗೊತ್ತಿತ್ತು. ಆ ಪುಸ್ತಕ ನಾನು ಹತ್ತು ಸಲ ಓದಿದ್ದೇನೆ," ಎಂದರು. ಮೇಜಿನ ಮೇಲಿದ್ದ ಪತ್ರ ತೆಗೆದುಕೊಂಡು ನನ್ನೆದುರೇ ಹರಿದರು. ಸರಿ, ಚಿಕ್ಕಮಗಳೂರು ಮುಗಿಯಿತು ಎಂದು ಬಂದುಬಿಟ್ಟೆ. ಮಳೆಗಾಲ ಶುರುವಾಗುವ ಮುಂಚೆ ಆ ಬೋರ್ಡಿಂಗ್ ಶಾಲೆಯಿಂದ ಸೇರಿಕೊಳ್ಳಲು ಕಾಗದ ಬಂದಾಗ ನಮಗೆಲ್ಲ ಆಶ್ಚರ್ಯ. ದೊರೆಸಾನಿ ಮಗನ ಕೈಯಲ್ಲಿ ಬೇರೆ ಪತ್ರ ಬರೆಸಿದ್ದರಂತೆ. ಅದರಲ್ಲಿದ್ದದ್ದು ಎರಡೇ ಸಾಲು ಎಂದು ಎಷ್ಟೋ ದಿನದ ಮೇಲೆ ಹೆಡ್‌ಮಿಸ್ಸು ನಗುತ್ತ ಹೇಳಿದರು: 'ಈ ಹುಡುಗಿ ಪುಟ ಹಾರಿಸುತ್ತಾಳೆ. ಆಮೇಲೆ ತಾನೇ ಬಂದು ಹೇಳುತ್ತಾಳೆ.'

ಸೇಸಿ ನನ್ನನ್ನು ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಆದರೆ ರಜೆಗೆ ಊರಿಗೆ ಬಂದಾಗಲೆಲ್ಲ ಒಂದು ಸಂಗತಿ ನಡೆಯುತ್ತಿತ್ತು. ಕಣದ ಮೂಲೆಯಿಂದ ಅವಳು "ಪದ್ದಕ್ಕಾ" ಎನ್ನುತ್ತಿದ್ದಳು. ಒಂದೇ ಸಲ, ಅದೂ ಮೆಲ್ಲಗೆ. ಕರೆದು ಬೀಜದಿಂದ ಕೈ ತೆಗೆದು ಕಾಯುತ್ತಿದ್ದಳು. ನಾನು ಊಟದ ಎಲೆಯ ಮುಂದಿದ್ದರೂ "ಓ" ಎಂದು ಎದ್ದು ಓಡುತ್ತಿದ್ದೆ. ಹೋಗಿ ನಿಂತರೆ ಕೆಲಸವೇನೂ ಇರುತ್ತಿರಲಿಲ್ಲ. ಮುಖ ನೋಡಿ, "ಏನಿಲ್ಲ, ಹೋಗಿ," ಎನ್ನುತ್ತಿದ್ದಳು. ಅವಳು ಬದುಕಿದ್ದವರೆಗೂ, ಇಪ್ಪತ್ತಾರು ವರ್ಷ, ಹೀಗೇ ನಡೆಯಿತು.

ಅವಳು ಹೋಗಿ ಎಷ್ಟೋ ಕಾಲವಾಯಿತು. ಬಸ್ಸಿನಲ್ಲಿ ಆ ದಿನ ಸುಧಾಕರ ನನ್ನ ಕೈ ಹಿಡಿದು ಕೂರಿಸಲು ನೋಡಿದ. "ಅತ್ತೆ, ಮಂಜು. ಈಗ ಇಳೀಬೇಡಿ. ಯಾರೂ ಕರೀಲಿಲ್ಲ ಅಂದ್ನಲ್ಲ."

ಇರಬಹುದು. ಯಾರೂ ಕರೆಯದೆ ಇರಬಹುದು, ಅದೇ ಕರೆದಿರಲೂಬಹುದು. ನಾನು ಅವನ ಕೈ ಬಿಡಿಸಿಕೊಂಡು ಇಳಿದೆ. ಹಿಂದಿನಿಂದ ಡ್ರೈವರು ಹಾರ್ನ್ ಹೊಡೆಯುತ್ತಲೇ ಇದ್ದ. ಕೋಲೂರಿಕೊಂಡು ರಸ್ತೆ ಬದಿಯ ದರೆಯ ಅಂಚಿನವರೆಗೂ ಹೋಗಿ, ಬಗ್ಗಿ, ಕೆಳಗೆ ನೋಡಿಯೇ ಬಂದೆ.